ಮೂರನೇ ಬೆಡ್ಡಿನ ಅಜ್ಜಿ

ಬೆಳಗ್ಗೆ ಎದ್ದವಳು ನಿದ್ದೆಗಣ್ಣಿನಲ್ಲೇ ಬಾಗಿಲ ಹಿಂದಿನ ಮೊಳೆಗೆ ಕೈ ಚಾಚಿ ಬಿಳಿ ಸಮವಸ್ತ್ರವನ್ನು ತೆಗೆದುಕೊಂಡಳು, ಮತ್ತೆ ಅಲ್ಲೇ ನೇತುಹಾಕಿದಳು. ಇವತ್ತು ಅದನ್ನು ಹಾಕಿಕೊಳ್ಳುವ ಹಾಗಿರಲಿಲ್ಲ. ನಿನ್ನೆ ಸಂಜೆಗೆ ಅವಳ ಗುತ್ತಿಗೆ ಮುಗಿದಿತ್ತು; ನಾಳೆ ಬೆಳಗ್ಗೆ ಹೊಸ ಗುತ್ತಿಗೆ ಶುರುವಾಗುತ್ತದೆ. ಎರಡರ ನಡುವೆ ಸರ್ಕಾರ ಪ್ರತಿ ವರ್ಷವೂ ಒಂದು ದಿನವನ್ನು ಬೇಕೆಂದೇ ಖಾಲಿ ಬಿಡುತ್ತಿತ್ತು, ದರ್ಜಿ ಎರಡು ತುಂಡುಗಳ ನಡುವೆ ಕತ್ತರಿ ಆಡಿಸಲು ಜಾಗ ಬಿಟ್ಟಂತೆ. ಆಸ್ಪತ್ರೆಯಲ್ಲಿ ಎಲ್ಲರೂ ಅದನ್ನು ಬ್ರೇಕ್ ಅನ್ನುತ್ತಿದ್ದರು. ಆ ಒಂದು ದಿನ ಅವಳು ನರ್ಸ್ ಅಲ್ಲ. ಹಾಗಾದರೆ ಯಾರು ಎಂದು ಯಾವ ಆದೇಶದಲ್ಲೂ ಬರೆದಿರಲಿಲ್ಲ. ರಾತ್ರಿ ಮಲಗುವಾಗ ಮರೆತು ಅಲಾರಾಂ ಇಟ್ಟಿದ್ದಳು. ಅದು ಹೊಡೆಯುವ ಮೊದಲೇ ಗಂಡ ಎದ್ದು ಸದ್ದಿಲ್ಲದೆ ನಿಲ್ಲಿಸಿದ್ದ, ಇವಳು ಇನ್ನಷ್ಟು ಹೊತ್ತು ಮಲಗಲಿ ಎಂದು. ಆ ಸಣ್ಣ ಉಪಕಾರ ತನ್ನನ್ನು ಯಾಕೆ ಚುಚ್ಚಿತೆಂದು ಅವಳಿಗೆ ತಿಳಿಯಲಿಲ್ಲ. ಅಡುಗೆಮನೆಗೆ ಹೋದರೆ ಒಲೆಯ ಮೇಲೆ ಹಾಲು ಕಾಯುತ್ತಿತ್ತು, ಮೇಜಿನ ಮುಂದೆ ಮಗಳು ಮೂಗು ಒರೆಸಿಕೊಳ್ಳುತ್ತ ಕೂತಿದ್ದಳು. ಹಣೆ ಮುಟ್ಟಿ ನೋಡಲು ಹೋದರೆ ತಲೆ ಹಿಂದಕ್ಕೆ ಎಳೆದುಕೊಂಡಳು.

"ಮುಟ್ಬೇಡಮ್ಮ. ಇವತ್ತು ನೀನು ನರ್ಸ್ ಅಲ್ಲ, ಜ್ವರ ನೋಡೋ ಹಾಗಿಲ್ಲ."

"ಅಮ್ಮ ಆಗಿ ನೋಡ್ತೀನಿ ಕಣೆ."

"ಅದು ಕಾಯಂ ಹುದ್ದೆನಾ?"

ಗಂಡ ಜೋರಾಗಿ ನಕ್ಕ. ಇವಳ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿ, ಹಾಲಿನ ಪಾತ್ರೆಯ ಕಡೆ ತಿರುಗಿದ. "ಇವತ್ತಾದ್ರೂ ಮನೇಲಿರು," ಎಂದ, ಬೆನ್ನು ಹಾಕಿಕೊಂಡೇ. "ಅಂಗಡಿಗೆ ಬಾ ಬೇಕಾದ್ರೆ. ಕೆಟ್ಟ ಫ್ಯಾನುಗಳು ರಾಶಿ ಬಿದ್ದಿವೆ. ಅವುಕ್ಕೆ ಸೂಜಿ ಚುಚ್ಚೋದು ಬೇಡ, ಧೂಳು ಒರೆಸಿದ್ರೆ ಸಾಕು." ಅವಳೂ ನಕ್ಕಳು. ಆದರೆ ಕಣ್ಣು ಬಾಗಿಲ ಹಿಂದಿನ ಇನ್ನೊಂದು ಮೊಳೆಯ ಮೇಲೇ ಇತ್ತು. ಅಲ್ಲಿ ಕೈಚೀಲ ತೂಗುತ್ತಿತ್ತು, ಅದರೊಳಗೆ ನಿನ್ನೆ ಸಂಜೆ ರಕ್ತದಣ್ಣ ಕೊಟ್ಟ ಕಾಗದವಿತ್ತು.

ರಕ್ತದಣ್ಣ ಎಂದರೆ ಪ್ರಯೋಗಾಲಯದವನು. ವಾರ್ಡಿನಿಂದ ವಾರ್ಡಿಗೆ ತಿರುಗಿ ರಕ್ತ ತೆಗೆಯುವವನಿಗೆ ರೋಗಿಗಳೇ ಇಟ್ಟ ಹೆಸರು ಅದು. ಅವನೂ ಇವಳ ಹಾಗೆ ಗುತ್ತಿಗೆಯವನು. ಗುತ್ತಿಗೆಯ ನರ್ಸುಗಳು, ಆಯಾಗಳು, ಪ್ರಯೋಗಾಲಯದವರು ಎಲ್ಲ ಸೇರಿ ಕೋರ್ಟಿಗೆ ಹೋದಾಗ ಓಡಾಟವನ್ನೆಲ್ಲ ಅವನೇ ಮೈಮೇಲೆ ಹಾಕಿಕೊಂಡಿದ್ದ. ಸರ್ಕಾರ ಕಾಯಂ ಹುದ್ದೆಗಳಿಗೆ ಹೊಸಬರನ್ನು ತುಂಬಲು ಶುರುಮಾಡಿತ್ತು. ಪರೀಕ್ಷೆ ಬರೆಯೋಣವೆಂದರೆ ಇವಳಂಥವರ ವಯಸ್ಸು ಯಾವತ್ತೋ ಮೀರಿ ಹೋಗಿತ್ತು. ಮೊದಲು ನಮ್ಮನ್ನು ಕಾಯಂ ಮಾಡಿ, ಆಮೇಲೆ ಉಳಿದ ಜಾಗಕ್ಕೆ ಹೊಸಬರನ್ನು ತೆಗೆದುಕೊಳ್ಳಿ ಎಂಬುದು ಇವರ ಕೇಳಿಕೆ. ಇವರ ಕೆಲಸ ಒಂದೇ ಸಮನೆ ನಡೆದದ್ದಲ್ಲ, ಪ್ರತಿ ವರ್ಷವೂ ತುಂಡಾಗಿದೆ, ಪ್ರತಿ ವರ್ಷವೂ ಇವರು ಹೊಸಬರೇ ಎಂಬುದು ಸರ್ಕಾರದ ಉತ್ತರ. ನಾಳೆ ಅದರ ವಿಚಾರಣೆ. ಅವಳಿಗೆ ವಕೀಲರ ಕೋಣೆ ನೆನಪಾಯಿತು. ಕುರ್ಚಿಗಳು ಕಡಿಮೆ ಇದ್ದವು. ಯಾರು ಕೂರಬೇಕೆಂದು ಒಬ್ಬರ ಮುಖ ಒಬ್ಬರು ನೋಡುತ್ತ ಕೊನೆಗೆ ಯಾರೂ ಕೂರದೆ ಎಲ್ಲರೂ ಗೋಡೆಗಂಟಿ ನಿಂತಿದ್ದರು. ನಡುವೆ ಕತ್ತರಿಸಿದ ಹಗ್ಗಾನ ಒಂದೇ ಹಗ್ಗ ಅಂತ ನಾನು ಹೇಗಮ್ಮ ವಾದ ಮಾಡ್ಲಿ, ಎಂದಿದ್ದರು ವಕೀಲರು. ಬ್ರೇಕ್ ದಿನಾನೂ ನಾವು ಕೆಲಸ ಮಾಡ್ತಿದ್ವಿ ಸಾರ್, ಎಂದು ಯಾರೋ ಹಿಂದಿನಿಂದ ಹೇಳಿದರು. ಬರೆಯುತ್ತಿದ್ದ ಪೆನ್ನು ನಿಂತಿತು. ಸಹಿ ಮಾಡಿದ್ರಾ? ಮಾಡೋ ಹಾಗಿರ್ಲಿಲ್ಲ ಸಾರ್. ಸಂಬಳ ತಗೊಂಡ್ರಾ? ಇಲ್ಲ ಸಾರ್. ಯಾರಾದ್ರೂ ಬನ್ನಿ ಅಂತ ಆರ್ಡರ್ ಮಾಡಿದ್ರಾ? ಇಲ್ಲ ಸಾರ್. "ಮತ್ಯಾಕೆ ಹೋದ್ರಿ?" ಎಂದು ಅವರು ಕೇಳಿದ ರೀತಿಯಲ್ಲಿ ಸಿಟ್ಟಿರಲಿಲ್ಲ, ನಿಜವಾದ ಆಶ್ಚರ್ಯವಿತ್ತು, ಹಾಗಾಗಿಯೇ ಅದು ಅವಳ ಮುಖಕ್ಕೆ ಹೊಡೆದಂತಾಯಿತು. ಪಾಠ ಒಪ್ಪಿಸಲಾಗದ ಮಕ್ಕಳಂತೆ ಎಲ್ಲರೂ ನೆಲ ನೋಡಿದರು. ಅವಳೊಳಗೆ ಒಂದು ಉತ್ತರವಿತ್ತು. ಅದು ಬಾಯಿಗೆ ಬರುವಂಥದ್ದಾಗಿರಲಿಲ್ಲ.

ಕಾಯಂ ನೌಕರಿಯಲ್ಲಿರುವ ಒಬ್ಬರು, ಇವರು ಬ್ರೇಕ್ ದಿನವೂ ದುಡಿದಿದ್ದಾರೆ ಎಂದು ಪ್ರಮಾಣ ಮಾಡಿ ಹೇಳಿದರೆ ಹಗ್ಗ ಕೂಡುತ್ತದೆ ಎಂದಿದ್ದರು ವಕೀಲರು. ಹೇಳಬಲ್ಲವರು ಒಬ್ಬರೇ; ಹೆಂಗಸರ ವಾರ್ಡಿನ ಮೇಲ್ವಿಚಾರಕಿ, ಎಲ್ಲರ ಬಾಯಲ್ಲಿ ದೊಡ್ಡ ಸಿಸ್ಟರ್. ಅವರ ನಿವೃತ್ತಿಗೆ ಇನ್ನು ಕೆಲವೇ ತಿಂಗಳು. ನೌಕರಿಯಲ್ಲಿ ಇಲ್ಲದವರ ಕೈಯಲ್ಲಿ ರೋಗಿಗಳಿಗೆ ಇಂಜೆಕ್ಷನ್ ಕೊಡಿಸಿದೆ ಎಂದು ಅವರು ತಾವಾಗಿಯೇ ಬರೆದುಕೊಟ್ಟರೆ ಇಲಾಖೆ ವಿಚಾರಣೆಗೆ ಕೂರಿಸುತ್ತದೆ, ಪೆನ್ಷನ್ ತಡೆಹಿಡಿಯುತ್ತದೆ. ಅದು ಎಲ್ಲರಿಗೂ ಗೊತ್ತಿತ್ತು. ನಿನ್ನೆ ಪ್ರಯೋಗಾಲಯದ ಹಿಂದೆ, ಖಾಲಿ ಡಬ್ಬಗಳ ನಡುವೆ ನಿಂತು, ವಕೀಲರು ಬರೆಸಿದ ಕರಡನ್ನು ರಕ್ತದಣ್ಣ ಇವಳ ಕೈಗೇ ಕೊಟ್ಟ. "ನಿನ್ನ ಮಾತು ದೊಡ್ಡ ಸಿಸ್ಟರ್ ತೆಗೆದುಹಾಕಲ್ಲ ತಾಯಿ. ನಾನು ಹೋದ್ರೆ ಸೂಜಿ ಹಿಡ್ಕೊಂಡು ಬಂದ ಅಂತ ಅವರೇ ಎದ್ದು ಓಡ್ತಾರೆ." ಎಲ್ಲರೂ ನಕ್ಕರು. ನಗು ಮುಗಿದ ಮೇಲೆ ಎಲ್ಲರ ಕಣ್ಣೂ ಇವಳ ಮೇಲಿತ್ತು. ಇನ್ನೊಂದು ಮಾತೂ ಆಗಿತ್ತು: ಈ ಸಲ ಬ್ರೇಕ್ ದಿನ ಯಾರೂ ಕೆಲಸ ಮುಟ್ಟುವುದಿಲ್ಲ. ನಾವಿಲ್ಲದೆ ಹೇಗೆ ನಡೆಯುತ್ತದೋ ನೋಡಲಿ.

ನಾವಿಲ್ಲದೆ ಹೇಗೆ ನಡೆಯುತ್ತದೋ. ಪಾತ್ರೆ ತೊಳೆಯುತ್ತ ಆ ಮಾತನ್ನು ಅವಳು ಒಳಗೇ ಮತ್ತೆ ಹೇಳಿಕೊಂಡಳು. ಮೊದಲ ವರ್ಷದ ಬ್ರೇಕ್ ದಿನ ಹೀಗೇ ಪಾತ್ರೆ ತೊಳೆಯುತ್ತಿದ್ದಳು. ಮಗಳಿನ್ನೂ ತೊಟ್ಟಿಲಲ್ಲಿದ್ದಳು. ಮಧ್ಯಾಹ್ನದ ಹೊತ್ತಿಗೆ ಫೋನ್ ಬಂತು, ದೊಡ್ಡ ಸಿಸ್ಟರ್. ಬಾ ಅನ್ನಲಿಲ್ಲ, ಬರ್ತೀಯಾ ಎಂದೂ ಕೇಳಲಿಲ್ಲ. "ಮೂರನೇ ಬೆಡ್ಡಿನ ಅಜ್ಜಿ ನಿನ್ನ ಕೇಳ್ತಿದೆ ಕಣೆ," ಎಂದರು, ಇಟ್ಟುಬಿಟ್ಟರು. ಅಷ್ಟಕ್ಕೇ ಅವಳ ಎದೆ ಹಿಗ್ಗಿಹೋಯಿತು. ಮಗುವನ್ನು ಪಕ್ಕದ ಮನೆಯವರ ಕೈಗೆ ಕೊಟ್ಟು, ಉಟ್ಟ ಬಟ್ಟೆಯಲ್ಲೇ ಓಡಿದಳು. ಸಮವಸ್ತ್ರವಿಲ್ಲದೆ ವಾರ್ಡಿನ ಬಾಗಿಲಲ್ಲಿ ನಿಂತಾಗ ನಾಚಿಕೆಯಾಗಿತ್ತು, ಮದುವೆ ಮನೆಗೆ ಕರೆಯದೆ ಬಂದವಳ ಹಾಗೆ. ದೊಡ್ಡ ಸಿಸ್ಟರ್ ತಮ್ಮ ಕೋಣೆಯ ಬಾಗಿಲ ಹಿಂದೆ ನೇತುಹಾಕಿದ್ದ ತಮ್ಮದೇ ಬಿಳಿ ಕೋಟನ್ನು ತೆಗೆದು, ಎರಡೂ ತೋಳು ಬಿಡಿಸಿ ಹಿಡಿದು ನಿಂತರು, ಚಿಕ್ಕ ಮಕ್ಕಳಿಗೆ ಅಂಗಿ ತೊಡಿಸುವಂತೆ. ಅವಳು ಕೈ ತೂರಿಸಿದಳು. ಕೋಟು ದೊಗಳೆಯಾಗಿತ್ತು, ಕರ್ಪೂರದಂಥ ವಾಸನೆ ಬರುತ್ತಿತ್ತು. ಆಮೇಲಿನ ವರ್ಷಗಳಲ್ಲೂ ಬ್ರೇಕ್ ದಿನ ಬಂತೆಂದರೆ ಅದೇ ಫೋನ್, ಅದೇ ಮಾತು. ಒಂದು ಸಲ ಬಂದು ನೋಡಿದರೆ ಮೂರನೇ ಬೆಡ್ ಖಾಲಿ, ಹಾಸಿಗೆ ಮಡಚಿಟ್ಟಿತ್ತು. ಅಜ್ಜಿ ಎಲ್ಲಿ ಸಿಸ್ಟರ್ ಎಂದರೆ, ಅವರು ಕನ್ನಡಕದ ಮೇಲಿಂದ ನೋಡಿ, "ನಾನೇ ಅಜ್ಜಿ ಅಂದ್ಕೊ. ಹೋಗು, ಆ ಕಡೆ ಡ್ರಿಪ್ ನೋಡು," ಎಂದಿದ್ದರು. ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ನಕ್ಕಿದ್ದರು. ಆ ನಗುವನ್ನು ನ್ಯಾಯಾಧೀಶರ ಮುಂದೆ ಇಡುವುದು ಹೇಗೆ? ಅದನ್ನು ಇಡುವುದೆಂದರೆ ಆ ಕೋಟನ್ನು ಕಿತ್ತು ಅವರ ಕುತ್ತಿಗೆಗೇ ಸುತ್ತಿದಂತಲ್ಲವೇ? ತಟ್ಟೆಯ ಅಂಚನ್ನು ಎಷ್ಟು ಹೊತ್ತು ಉಜ್ಜುತ್ತಿದ್ದಳೋ. ಫೋನ್ ಬಡಿದುಕೊಂಡಿತು. ಒದ್ದೆ ಕೈಯಲ್ಲೇ ಎತ್ತಿಕೊಂಡಾಗ ಒಂದು ಗಳಿಗೆ ಇದು ಯಾವ ವರ್ಷ ಎಂದೇ ತಿಳಿಯಲಿಲ್ಲ.

"ಮೂರನೇ ಬೆಡ್ಡಿನ ಅಜ್ಜಿ ನಿನ್ನ ಕೇಳ್ತಿದೆ ಕಣೆ."

ಬಣ್ಣದ ಬಟ್ಟೆ ಹಾಕಿಕೊಂಡು ಕೈಚೀಲ ಹೆಗಲಿಗೇರಿಸಿ ಹೊರಟಳು. ಹೋಗುತ್ತಿರುವುದು ಕೆಲಸಕ್ಕಲ್ಲ, ಕಾಗದಕ್ಕೆ, ಎಂದು ಹೆಜ್ಜೆ ಹೆಜ್ಜೆಗೂ ತನಗೇ ಹೇಳಿಕೊಂಡಳು. ಆದರೆ ಕಾಲುಗಳು ಹಳೆಯ ಅವಸರದಲ್ಲೇ ನಡೆಯುತ್ತಿದ್ದವು. ಆಸ್ಪತ್ರೆಯ ರಸ್ತೆಯಲ್ಲಿ ಔಷಧಿ ಅಂಗಡಿಗಳು ಬಾಗಿಲು ತೆಗೆದಿದ್ದವು. ಹೂಕುಂಡಗಳ ಮೇಲೆ ಬಿಸಿಲು ಬಿದ್ದಿತ್ತು, ಯಾರೋ ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಆರಿಸಿಕೊಂಡು ಕುಡಿಯುತ್ತಿದ್ದರು. ಸಿಬ್ಬಂದಿಯ ಗೇಟಿನ ಕಡೆ ತಿರುಗಿದವಳನ್ನು ಕಾವಲುಗಾರ ಓಡಿಬಂದು ತಡೆದ.

"ಈ ಕಡೆ ಬೇಡ ಅಕ್ಕ, ಆ ಕಡೆಯಿಂದ ಬನ್ನಿ. ಮೇಲಿಂದ ಹೇಳಿದ್ದಾರೆ, ಗುತ್ತಿಗೆಯವರನ್ನ ಇವತ್ತು ಇಲ್ಲಿ ಬಿಡಬೇಡ ಅಂತ. ಕೇಸಿದೆಯಲ್ಲ." ಅವನ ಮುಖ ಸಣ್ಣದಾಗಿತ್ತು. ರೋಗಿಗಳನ್ನು ನೋಡಲು ಬರುವವರ ಕಿಟಕಿಯ ಹಿಂದೆ ಹೋಗಿ ನಿಂತು, ತಾನೇ ಪಾಸಿನ ಪುಸ್ತಕ ತೆರೆದ. "ಯಾರನ್ನ ನೋಡ್ಬೇಕು?"

"ಮೂರನೇ ಬೆಡ್ಡಿನ ಅಜ್ಜೀನ."

"ನಿಮಗೇನಾಗ್ಬೇಕು?"

ಅವಳ ಹಿಂದೆ ಸಾಲು ಬೆಳೆಯುತ್ತಿತ್ತು. ದಿನಾ ಈ ಕಿಟಕಿಯ ಮುಂದೆ ಹಾದುಹೋಗುವಾಗ, ಉತ್ತರ ಗೊತ್ತಿದ್ದೂ ತಡವರಿಸುವ ಈ ಜನರನ್ನು ನೋಡಿ ಎಷ್ಟು ಸಲ ಮನಸ್ಸಿನಲ್ಲೇ ಗೊಣಗಿದ್ದಳೋ. ಕಾವಲುಗಾರ ತಲೆಯೆತ್ತದೆ, "ಬಿಡಿ, ಸಂಬಂಧಿ ಅಂತ ಹಾಕ್ತೀನಿ," ಎಂದು ಚೀಟಿ ಹರಿದು ಕೊಟ್ಟ. ಕೊಡುವಾಗ ದನಿ ತಗ್ಗಿಸಿದ. "ಬೇಜಾರು ಮಾಡ್ಕೋಬೇಡಿ ಅಕ್ಕ. ನಿಮಗಾದ್ರೆ ವರ್ಷಕ್ಕೊಂದ್ಸಲ ಬ್ರೇಕ್. ನಮ್ಮ ಏಜೆನ್ಸೀಲಿ ಬ್ರೇಕೂ ಇಲ್ಲ, ಗಾಡೀನೂ ಇಲ್ಲ. ಸುಮ್ಮನೆ ತಳ್ಕೊಂಡು ಹೋಗೋದು."

ವಾರ್ಡಿನ ಬಾಗಿಲಲ್ಲಿ ಒಂದು ಕ್ಷಣ ನಿಂತಳು. ನೆಲ ಒರೆಸಿರಲಿಲ್ಲ, ನಿನ್ನೆಯ ಹತ್ತಿಯ ಚೂರೊಂದು ಮಂಚದ ಕಾಲಿಗೆ ಸಿಕ್ಕಿಕೊಂಡು ಫ್ಯಾನಿನ ಗಾಳಿಗೆ ನಡುಗುತ್ತಿತ್ತು. ಕಿಟಕಿಯ ಬಳಿಯ ಹೆಂಗಸಿನ ಮಗಳು ಎಲ್ಲಿಂದಲೋ ಬಟ್ಟೆ ತಂದು ತಾಯಿಯ ಮಂಚದ ಸುತ್ತ ಮಾತ್ರ ಒರೆಸಿಕೊಳ್ಳುತ್ತಿದ್ದಳು, ಮತ್ತೆ ಏನನ್ನಿಸಿತೋ, ಪಕ್ಕದ ಮಂಚದ ಕೆಳಗೂ ಕೈ ಚಾಚಿದಳು. ಒಬ್ಬ ಗಂಡಸು ಡ್ರಿಪ್ಪಿನ ಬಾಟಲಿಯನ್ನೇ ನೋಡುತ್ತ ನಿಂತಿದ್ದ, ಕಣ್ಣು ತೆಗೆದರೆ ಮುಗಿದೇಹೋಗುತ್ತದೆ ಎಂಬಂತೆ. ಕಾಯಂ ನೌಕರಿಗೆ ಹೊಸದಾಗಿ ಬಂದ ಹುಡುಗಿ ಒಬ್ಬಳೇ ಔಷಧಿಯ ತಳ್ಳುಗಾಡಿಯನ್ನು ಆ ತುದಿಯಿಂದ ಈ ತುದಿಗೆ ಎಳೆದಾಡುತ್ತಿದ್ದಳು. ಟೋಪಿ ಜಾರಿತ್ತು, ಬೆವರಿದ ಹಣೆಗೆ ಕೂದಲು ಅಂಟಿತ್ತು. ಇವಳನ್ನು ಕಂಡವಳೇ "ಅಕ್ಕ!" ಎಂದು ಮುಖವರಳಿಸಿದಳು, ಇವತ್ತು ಬ್ರೇಕ್ ಎಂದು ನೆನಪಾಗಿ ಗೋಡೆಯ ಬದಿಯಿಂದ ಒಂದು ಸ್ಟೂಲ್ ಎಳೆದು ಮೂರನೇ ಬೆಡ್ಡಿನ ಪಕ್ಕ ಇಟ್ಟು, "ಕೂತ್ಕೊಳ್ಳಿ," ಎಂದಳು. ಈ ಹುಡುಗಿಯಂಥವರು ಬರಬಾರದು ಎಂದಲ್ಲವೇ ನಾವು ಕೋರ್ಟಿಗೆ ಹೋದದ್ದು? ಇವಳು ಬರಬಾರದು ಎಂದಲ್ಲ, ನಾವು ಹೋಗಬಾರದು ಎಂದು. ಎರಡೂ ಒಂದೇ ಅಲ್ಲ ಎಂದು ವಕೀಲರು ಬಿಡಿಸಿ ಹೇಳಿದ್ದರು. ಸ್ಟೂಲ್ ಮೇಲೆ ಕೂತಾಗ ಆ ವ್ಯತ್ಯಾಸ ಅವಳ ಕೈಗೆ ಸಿಗಲಿಲ್ಲ. ಸುತ್ತ ನೋಡಿದಳು. ಎಲ್ಲವೂ ತಡವಾಗಿ, ಒರಟಾಗಿ, ಅಂಚು ತಪ್ಪಿ ಆಗುತ್ತಿತ್ತು, ಆದರೆ ಆಗುತ್ತಿತ್ತು. ವಕೀಲರ ಕೋಣೆಯಲ್ಲಿ ಬಾಯಿಗೆ ಬಾರದೆ ಹೋದ ಉತ್ತರ ಅದೇ. ಬ್ರೇಕ್ ದಿನ ಅವಳು ಓಡಿ ಬರುತ್ತಿದ್ದುದು ಒಳ್ಳೆಯತನಕ್ಕಲ್ಲ. ತಾನಿಲ್ಲದೆಯೂ ಒಂದು ದಿನ ಕಳೆದುಹೋಗುತ್ತದೆಂದು ಯಾರಾದರೂ ಕಂಡುಬಿಟ್ಟರೆ, ಮಾರನೆಯ ದಿನ ಆ ಬಾಗಿಲು ತೆರೆಯದೇ ಹೋದರೆ ಎಂಬ ಭಯಕ್ಕೆ.

"ಬಂದ್ಯಾ?" ಎಂದಳು ಅಜ್ಜಿ. ಪೊರೆ ಬಂದ ಕಣ್ಣುಗಳು, ಹತ್ತಿಯಂಥ ಕೂದಲು. ಕಳೆದ ವಾರ ನೆರೆಯವರು ಕರೆತಂದು ಸೇರಿಸಿ ಹೋದ ಮೇಲೆ ಯಾರೂ ಬಂದಿರಲಿಲ್ಲ. "ಬಣ್ಣದ ಬಟ್ಟೆ ಹಾಕಿದ್ದೀಯ. ಎಲ್ಲಿಗೋ ಹೊರಟ ಹಾಗಿದೆ."

"ಇವತ್ತು ನಂಗೆ ರಜ ಅಜ್ಜಿ."

"ರಜದಲ್ಲಿ ಇಲ್ಲಿಗ್ಯಾಕೆ ಬಂದೆ? ತಲೆಗಿಲೆ ಕೆಟ್ಟಿದ್ಯಾ?"

"ನೀವು ನನ್ನ ಕೇಳಿದ್ರಂತೆ?"

"ನಿನ್ಯಾಕೆ ಕೇಳ್ಲಿ? ನಾನು ನೀರು ಕೇಳಿದ್ದು." ಅಜ್ಜಿ ತುಟಿ ಸವರಿಕೊಂಡಳು. "ಆಗಿನಿಂದ ಕೇಳ್ತಾನೇ ಇದ್ದೀನಿ."

ಲೋಟಕ್ಕೆ ನೀರು ಹಾಕಿ, ತಲೆಯ ಹಿಂದೆ ಕೈ ಕೊಟ್ಟು ಎತ್ತಿ, ಸ್ವಲ್ಪ ಸ್ವಲ್ಪವೇ ಕುಡಿಸಿದಳು. ಇದು ಕೆಲಸ ಮುಟ್ಟಿದಂತಾಯಿತೇ ಎಂದು ಅರ್ಧ ಲೋಟದಲ್ಲಿ ಅನುಮಾನ ಬಂತು. ಪಕ್ಕದ ಮಂಚದವರ ಮಗನೂ ತಾಯಿಗೆ ಹೀಗೆಯೇ ಕುಡಿಸುತ್ತಿದ್ದ. ಅವನನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ದೊಡ್ಡ ಸಿಸ್ಟರ್ ಕೋಣೆಯ ಗಾಜಿನ ಹಿಂದೆ ಕೂತು ಅರ್ಧ ತಿಂದ ಬಿಸ್ಕತ್ತನ್ನು ಕೈಯಲ್ಲೇ ಮರೆತು ಏನೋ ಬರೆಯುತ್ತಿದ್ದರು. ಕಾಲು ಊದಿದ್ದವು, ಚಪ್ಪಲಿ ಬಿಟ್ಟು ಪಾದಗಳನ್ನು ತಣ್ಣಗಿನ ನೆಲಕ್ಕೆ ಒತ್ತಿಕೊಂಡಿದ್ದರು. "ಅಜ್ಜಿ ನನ್ನ ಕೇಳ್ಲಿಲ್ವಂತೆ ಸಿಸ್ಟರ್, ನೀರು ಕೇಳಿದ್ದಂತೆ," ಎಂದಳು ಬಾಗಿಲಲ್ಲಿ ನಿಂತು. "ಕೊಡೋಕೆ ಯಾರಿದ್ದಾರೆ ಇವತ್ತು? ನೀರು ಕೇಳಿದ್ರೂ ಒಂದೇ, ನಿನ್ನ ಕೇಳಿದ್ರೂ ಒಂದೇ," ಎಂದು ಎದ್ದು, ಬಾಗಿಲ ಹಿಂದಿನ ಕೋಟನ್ನು ತೆಗೆದು, ಎಂದಿನಂತೆ ತೋಳು ಬಿಡಿಸಿ ಹಿಡಿದು ನಿಂತರು. ಅವಳು ಕೈ ತೂರಿಸಲಿಲ್ಲ. ಕೋಟಿನ ತೋಳುಗಳು ಇಬ್ಬರ ನಡುವೆ ಜೋತುಬಿದ್ದಿದ್ದವು.

"ಇವತ್ತು ಹಾಕ್ಕೊಳ್ಳೋ ಹಾಗಿಲ್ಲ ಸಿಸ್ಟರ್. ನಾವೆಲ್ಲ ಮಾತಾಡ್ಕೊಂಡಿದ್ದೀವಿ."

"ಗೊತ್ತು." ಅವರ ಕೈ ಕೆಳಗಿಳಿಯಲಿಲ್ಲ. "ಮತ್ಯಾಕೆ ಬಂದೆ?"

ವಕೀಲರು ಕೇಳಿದ್ದರು, ಅಜ್ಜಿ ಕೇಳಿದ್ದಳು, ಈಗ ಇವರು. ಕೈಚೀಲದ ಬಾಯಿ ತೆರೆದಳು. ಕಾಗದ ಕೊಟ್ಟು ಗೋಡೆಯ ಮೇಲಿನ ಕ್ಯಾಲೆಂಡರ್ ಕಡೆ ತಿರುಗಿದಳು. ದೊಡ್ಡ ಸಿಸ್ಟರ್ ಕೋಟನ್ನು ಕುರ್ಚಿಯ ಬೆನ್ನಿಗೆ ಹಾಕಿ, ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿದರು, ತುಟಿಗಳು ಅಲುಗುತ್ತಿದ್ದವು.

"ನನ್ನ ಸೂಚನೆಯ ಮೇರೆಗೆ ಇವರು ಸದರಿ ದಿನಗಳಂದು ಕರ್ತವ್ಯ ನಿರ್ವಹಿಸಿರುತ್ತಾರೆ," ಎಂದು ಜೋರಾಗಿ ಓದಿ ನಿಲ್ಲಿಸಿದರು. "ಇದು ಸುಳ್ಳು."

ಆಶ್ಚರ್ಯವೆಂಬಂತೆ, ಅವಳಿಗೆ ಹಗುರವಾಯಿತು. ಮುಗಿಯಿತು. ಇನ್ನು ರಕ್ತದಣ್ಣನಿಗೆ ಒಪ್ಪಲಿಲ್ಲ ಎಂದು ಹೇಳಿಬಿಡಬಹುದು, ಯಾರ ತಪ್ಪೂ ಅಲ್ಲ.

"ಸೂಚನೆ ನಾನು ಯಾವತ್ತು ಕೊಟ್ಟೆ? ಕೊಟ್ಟಿಲ್ಲ. ಬಾ ಅಂತ ಒಂದು ದಿನಾನೂ ಬಾಯಲ್ಲಿ ಬಂದಿಲ್ಲ ನಂಗೆ. ಯಾಕೆ ಹೇಳು?" ಅವರು ಕೂತರು. "ಬಾ ಅಂದ್ರೆ ನಾಳೆ ಯಾರಾದ್ರೂ ನನ್ನ ಹಿಡ್ಕೋತಾರೆ. ಅಜ್ಜಿ ಕೇಳ್ತಿದೆ ಅಂದ್ರೆ ಯಾರು ಹಿಡ್ಕೋತಾರೆ? ಬಂದಿದ್ದು ನೀನು, ಕೇಳಿದ್ದು ಅಜ್ಜಿ, ನಾನು ಮಧ್ಯದಲ್ಲಿ ಇಲ್ಲವೇ ಇಲ್ಲ. ಲೆಕ್ಕಾಚಾರ ಮಾಡ್ಕೊಂಡೇ ಆ ಮಾತು ಹುಡುಕಿದ್ದು ಕಣೆ ನಾನು. ಕೋಟು ಕೂಡ. ತಪಾಸಣೆಗೆ ಯಾರಾದ್ರೂ ಬಂದ್ರೆ ದೂರದಿಂದ ನೋಡೋರಿಗೆ ಬಿಳಿ ಕಾಣ್ಲಿ ಅಂತ."

ಕರ್ಪೂರದ ವಾಸನೆ ಕೋಣೆಯ ತುಂಬ ಇತ್ತು. ಕುರ್ಚಿಯ ಬೆನ್ನ ಮೇಲಿನ ಕೋಟನ್ನು ಅವಳು ನೋಡಿದಳು. ಅದನ್ನು ತೊಡಿಸುವಾಗ ಅವರು ಕಾಲರ್ ಸರಿಮಾಡುತ್ತಿದ್ದರು, ಒಳಗೆ ಸಿಕ್ಕಿಕೊಂಡ ಜಡೆಯನ್ನು ಹಗುರವಾಗಿ ಹೊರಗೆಳೆದು ಬಿಡುತ್ತಿದ್ದರು. ದೂರದಿಂದ ನೋಡುವವರಿಗೆ ಜಡೆ ಒಳಗಿದ್ದರೇನು, ಹೊರಗಿದ್ದರೇನು? ಅದನ್ನು ಹೇಳಬೇಕೆನ್ನಿಸಿತು. ಬದಲಿಗೆ ಬೇರೆಯದೇ ಮಾತು ಹೊರಬಿತ್ತು.

"ನಾನೂ ಒಳ್ಳೇತನಕ್ಕೆ ಬರ್ತಿರ್ಲಿಲ್ಲ ಸಿಸ್ಟರ್. ನಾನಿಲ್ದೇನೂ ವಾರ್ಡ್ ನಡೆಯುತ್ತೆ ಅಂತ ನಿಮಗೆ ಗೊತ್ತಾಗ್ಬಿಟ್ರೆ ಅಂತ ಬರ್ತಿದ್ದೆ."

ದೊಡ್ಡ ಸಿಸ್ಟರ್ ವಾರ್ಡಿನ ಕಡೆ ತಿರುಗಿದರು. ಇಬ್ಬರೂ ಗಾಜಿನಾಚೆ ನೋಡಿದರು. ಹುಡುಗಿಯ ತಳ್ಳುಗಾಡಿಯ ಒಂದು ಚಕ್ರ ತಿರುಗದೆ ಕಿರುಗುಟ್ಟುತ್ತಿತ್ತು. ಡ್ರಿಪ್ ನೋಡುತ್ತಿದ್ದ ಗಂಡಸು ಈಗ ಪಕ್ಕದವರ ಡ್ರಿಪ್ಪನ್ನೂ ನೋಡುತ್ತಿದ್ದ.

"ನಡೀತಿದೆಯಾ?" ಎಂದರು ದೊಡ್ಡ ಸಿಸ್ಟರ್.

"ನಡೀತಿದೆ."

"ಎಲ್ಲಿ ನಡೀತಿದೆ? ಬೆಳಗ್ಗೆಯಿಂದ ಒಂದು ಮುದುಕಿಗೆ ನೀರು ಸಿಕ್ಕಿಲ್ಲ." ಅವರು ಕೈ ಚಾಚಿದರು. "ಆ ಪೆನ್ನು ಕೊಡು."

ಸೂಚನೆಯ ಮೇರೆಗೆ ಎಂಬುದನ್ನು ಒಂದೇ ಗೆರೆಯಲ್ಲಿ ಹೊಡೆದುಹಾಕಿ, ಮೇಲೆ ತಮ್ಮ ದುಂಡನೆಯ ಅಕ್ಷರದಲ್ಲಿ ಬರೆದರು. ನಾನೇ ಫೋನ್ ಮಾಡಿ ಇವರು ಬರುವಂತೆ ಮಾಡುತ್ತಿದ್ದೆ. ಇವರು ಬರದಿದ್ದರೆ ನನಗೆ ವಾರ್ಡ್ ನಡೆಸಲು ಆಗುತ್ತಿರಲಿಲ್ಲ. ಅವಳು ಕಾಗದದ ಇನ್ನೊಂದು ಅಂಚನ್ನು ಹಿಡಿದುಕೊಂಡಳು, ಎಳೆದುಕೊಳ್ಳಲೂ ಆಗದೆ, ಬಿಡಲೂ ಆಗದೆ. "ಬೇಡ ಸಿಸ್ಟರ್. ಇನ್ನೇನು ಮನೆಗೆ ಹೋಗೋ ಹೊತ್ತಲ್ಲಿ... ಪೆನ್ಷನ್ ನಿಲ್ಲಿಸಿದ್ರೆ? ನಾನು ಇದನ್ನ ಹರಿದುಹಾಕ್ತೀನಿ. ನೀವು ಒಪ್ಪಲಿಲ್ಲ ಅಂತ ಹೇಳ್ತೀನಿ."

"ಹರಿ. ಇನ್ನೊಂದು ಬರೀತೀನಿ." ಅವರು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು, ರೋಗಿಯ ಮುಷ್ಟಿ ಬಿಡಿಸುವ ಹಾಗೆ, ನೋವಾಗದಂತೆ. "ತಂಗಿ ಮನೆ ಇದೆ ನಂಗೆ. ಅವಳ ಬಾಯಿ ಕೇಳಿದ್ರೆ ಇಲಾಖೆ ವಿಚಾರಣೇನೇ ವಾಸಿ ಅನ್ಸುತ್ತೆ. ಆದ್ರೆ ಬೈಕೊಂಡೇ ಊಟ ಹಾಕ್ತಾಳೆ. ನಿಂಗೆ ಮಗಳಿದ್ದಾಳೆ. ಸುಮ್ನಿರು." ಕಾಗದವನ್ನು ಮಡಚಿ ಅವಳ ಕೈಗಿಟ್ಟರು. "ಸಹಿ ಇಲ್ಲಿ ಮಾಡಿದ್ರಾಗಲ್ಲ, ನೋಟರಿ ಮುಂದೆ ಮಾಡ್ಬೇಕು. ಡ್ಯೂಟಿ ಮುಗಿಸ್ಕೊಂಡು ಬರ್ತೀನಿ ಅಂತ ನಿಮ್ಮ ರಕ್ತದಣ್ಣಂಗೆ ಹೇಳು. ಸೂಜಿ ಮಾತ್ರ ತರಬೇಡ ಅನ್ನು." ನಗಲು ನೋಡಿದರು, ಆಗಲಿಲ್ಲ. ಎದ್ದು, ಕುರ್ಚಿಯ ಬೆನ್ನ ಮೇಲಿನ ಕೋಟನ್ನು ತೆಗೆದು, ಮಡಿಕೆ ಕೊಡವಿ, ಬಾಗಿಲ ಹಿಂದಿನ ಕೊಕ್ಕೆಗೆ ಹಾಕಿದರು. "ಈಗ ಹೊರಡು. ಸಂಜೆ ಪ್ರಮಾಣ ಮಾಡೋಳು, ಇವತ್ತೂ ನಿನ್ನ ಕೈಲಿ ದುಡಿಸ್ಕೊಂಡ್ರೆ ಹೇಗೆ? ಇವತ್ತು ನಾನು ನಿನ್ನ ಕರೀಲಿಲ್ಲ. ಹೋಗು."

ಹೊರಗೆ ಬಂದು ಮೊಗಸಾಲೆಯ ಬೆಂಚಿನ ಮೇಲೆ, ರೋಗಿಗಳ ಕಡೆಯವರ ನಡುವೆ ಕೂತಳು. ಫೋನ್ ಹಚ್ಚಿದಳು. "ಸಿಕ್ತು," ಎಂದಳು. ಆ ಕಡೆ ರಕ್ತದಣ್ಣ ಯಾರಿಗೋ ಕೂಗಿ ಹೇಳುವುದು, ಒಂದಿಷ್ಟು ಜನ ಒಟ್ಟಿಗೆ ಉಸಿರುಬಿಡುವುದು ಕೇಳಿಸಿತು. ಅವನ ದನಿ ಒದ್ದೆಯಾಗಿತ್ತು. "ತಾಯಿ, ನಿನ್ನ ಋಣ ಹೇಗೆ ತೀರಿಸೋದು?" ನನ್ನದಲ್ಲ ಎನ್ನಬೇಕೆಂದುಕೊಂಡಳು, ಅಷ್ಟರಲ್ಲಿ ಅವನು ಇಟ್ಟಿದ್ದ. ಕಾಗದ ಚೀಲದೊಳಗಿತ್ತು. ಅದು ಗೆದ್ದರೆ ಬಾಗಿಲ ಹಿಂದಿನ ಸಮವಸ್ತ್ರವನ್ನು ಇನ್ನು ಯಾವ ಬೆಳಗ್ಗೆಯೂ ವಾಪಸ್ಸು ನೇತುಹಾಕಬೇಕಿಲ್ಲ. ಮೂರನೇ ಬೆಡ್ಡಿನ ಅಜ್ಜಿ ಕೇಳುತ್ತಿದೆ ಎಂದು ಇನ್ನು ಯಾರೂ ಫೋನ್ ಮಾಡುವುದೂ ಇಲ್ಲ. ಎದ್ದು ಮನೆಗೆ ಹೋಗಬೇಕಿತ್ತು. ಗಂಡನ ಅಂಗಡಿಯಲ್ಲಿ ಫ್ಯಾನುಗಳ ಧೂಳು ಒರೆಸಬಹುದಿತ್ತು, ಮಗಳ ಹಣೆ ಮುಟ್ಟಿ ನೋಡಬಹುದಿತ್ತು. ಅಲ್ಲೇ ಕೂತಿದ್ದಳು. ಪಕ್ಕದಲ್ಲಿ ಕೂತಿದ್ದ ಮುದುಕ ಇವಳನ್ನು ಓರೆಗಣ್ಣಲ್ಲಿ ನೋಡಿ, ಏನೂ ಕೇಳದೆ, ತನ್ನ ನೀರಿನ ಬಾಟಲಿಯನ್ನು ಇಬ್ಬರ ನಡುವೆ ಸರಿಸಿಟ್ಟ. ಇಲ್ಲಿ ಅಳುವುದು ಹೊಸದೇನಲ್ಲ. ತಾನು ಅಳುತ್ತಿದ್ದೇನೆಂದು ಅವಳಿಗೆ ತಿಳಿದದ್ದು ಆಗಲೇ.

ವಾರ್ಡಿನ ಬಾಗಿಲು ತೆರೆಯಿತು. ಹೊಸ ಹುಡುಗಿ ಗಾಲಿಕುರ್ಚಿಯನ್ನು ಅರ್ಧ ಹೊರಗೆ ತಳ್ಳಿ, ಬೆನ್ನಿನಿಂದ ಬಾಗಿಲು ತಡೆದು ನಿಂತಳು. ಕುರ್ಚಿಯಲ್ಲಿ ಅಜ್ಜಿ ಹೊದಿಕೆಯೊಳಗೆ ಮುದುರಿ ಕೂತಿದ್ದಳು. ತಳ್ಳುವ ಆಯಾಗಳೆಲ್ಲ ಗುತ್ತಿಗೆಯವರೇ, ಯಾರೂ ಇರಲಿಲ್ಲ.

"ಮೂರನೇ ಬೆಡ್ ಕಡೆಯವರು ಯಾರಿದ್ದೀರಾ? ಎಕ್ಸ್-ರೇಗೆ ಕರ್ಕೊಂಡು ಹೋಗ್ಬೇಕು."

ಬೆಂಚಿನ ಮೇಲಿದ್ದವರು ತಲೆಯೆತ್ತಿದರು, ತಮ್ಮದಲ್ಲವೆಂದು ಮತ್ತೆ ತಗ್ಗಿಸಿದರು. ಹುಡುಗಿ ಇನ್ನೊಮ್ಮೆ ಕೂಗಿದಳು. ದನಿ ಸೋತಿತ್ತು, ಒಳಗಿನಿಂದ ಯಾರೋ ಅವಳನ್ನೇ ಕರೆಯುತ್ತಿದ್ದರು. "ಮೂರನೇ ಬೆಡ್? ಯಾರೂ ಇಲ್ವಾ?"

"ನಾನಿದ್ದೀನಿ," ಎಂದು ಅವಳು ಎದ್ದು ನಿಂತಳು.

ಹುಡುಗಿಯ ಬಾಯಿ ತೆರೆಯಿತು. ಅಕ್ಕ ಎಂದು ಬರುವುದರಲ್ಲಿತ್ತು. ಗೇಟಿನ ಕಾವಲುಗಾರ ಅಷ್ಟರಲ್ಲಿ ಮೊಗಸಾಲೆಯ ತುದಿಗೆ ಬಂದಿದ್ದ. ಅವನು ಪಾಸು ಕೇಳಲಿಲ್ಲ, ಏನಾಗಬೇಕೆಂದೂ ಕೇಳಲಿಲ್ಲ. ಹಿತ್ತಲಿನ ಕಡೆಯ ದೊಡ್ಡ ಬಾಗಿಲಿನ ಎರಡೂ ಕದಗಳನ್ನು ತೆಗೆದು ಗೋಡೆಗೆ ಒತ್ತಿ ಹಿಡಿದ. ಹುಡುಗಿ ಎಕ್ಸ್-ರೇ ಚೀಟಿಯನ್ನು ಅವಳ ಕೈಗೆ ಕೊಟ್ಟು, ಎಲ್ಲರ ಕಡೆಯವರಿಗೂ ಹೇಳುವ ಮಾತನ್ನೇ ಹೇಳಿದಳು, ಕಣ್ಣು ತಪ್ಪಿಸಿಕೊಂಡು.

"ಹುಷಾರಾಗಿ ತಳ್ಳಿ. ಆಚೆ ಇಳಿಜಾರಿದೆ."

ಆ ಇಳಿಜಾರು ಅವಳ ಕೈಗಳಿಗೆ ಗೊತ್ತಿತ್ತು; ಎಲ್ಲಿ ಬಿಗಿಹಿಡಿಯಬೇಕು, ಎಲ್ಲಿ ಸಡಿಲ ಬಿಡಬೇಕು ಎಲ್ಲ.

"ಆಗಲಿ ಸಿಸ್ಟರ್," ಎಂದಳು.

ಕುರ್ಚಿ ಹೊಸ್ತಿಲು ದಾಟಿ ಬಿಸಿಲಿಗೆ ಬಂತು. ಅಜ್ಜಿ ಹೊದಿಕೆಯೊಳಗಿನಿಂದ ಕೈ ತೆಗೆದು ಹಿಂದಕ್ಕೆ ಚಾಚಿ, ಹಿಡಿಕೆಯ ಮೇಲಿನ ಅವಳ ಕೈಯನ್ನು ತಡಕಿ ಮುಟ್ಟಿ ನೋಡಿದಳು.

"ನೀನೇನಾ? ರಜ ಮುಗೀತಾ?"

"ಇಲ್ಲಜ್ಜಿ," ಎಂದಳು ಅವಳು. "ಇನ್ನೂ ಇದೆ."